ಹಳೆಯ ಸಂಚಿಕೆಗಳನ್ನು ಕಾಯ್ದವರು

ನಮ್ಮ ವಾರಪತ್ರಿಕೆಗಳ ಧಾರಾವಾಹಿ ಓದಿ ಬೆಳೆದವರಿಗೆ ಕಂತಿನ ಕೊನೆಯಲ್ಲಿ ಬರುವ ‘ಮುಂದುವರಿಯುವುದು’ ಎಂಬ ಸಾಲಿನ ಸೆಳೆತ ಚೆನ್ನಾಗಿ ಗೊತ್ತು. ಆದರೆ ಆ ಕಾದಂಬರಿ ಕೆಲವು ತಿಂಗಳಲ್ಲಿ ಮುಗಿಯುತ್ತದೆ, ಪುಸ್ತಕವಾಗಿ ಕಪಾಟು ಸೇರುತ್ತದೆ. ಮುಗಿಸುವ ಉದ್ದೇಶವೇ ಇಲ್ಲದೆ ನಡೆಯುವ ಕಥೆಯ ಸಂಗತಿ ಬೇರೆ. ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆ ಸೂಪರ್‌ಮ್ಯಾನ್‌ನನ್ನು ಮುಖಪುಟದಲ್ಲಿ ಹೊತ್ತು 1938ರ ಜೂನ್ ತಿಂಗಳ ದಿನಾಂಕದೊಂದಿಗೆ ಹೊರಬಿತ್ತು. ಅದರ ಸಾವಿರನೇ ಸಂಚಿಕೆ 2018ರ ಏಪ್ರಿಲ್‌ನಲ್ಲಿ ಬಂತು. ಈ ಎಂಬತ್ತು ವರ್ಷಗಳಲ್ಲಿ ಬರೆದವರು ಬದಲಾದರು, ಚಿತ್ರ ಬಿಡಿಸಿದವರು ತೀರಿಕೊಂಡರು, ಕಂಪನಿಯ ಒಡೆತನ ಕೈಯಿಂದ ಕೈಗೆ ಹೋಯಿತು. ಕಥೆ ಮಾತ್ರ ನಿಲ್ಲಲಿಲ್ಲ. ಇಷ್ಟು ಕೈಗಳನ್ನು ದಾಟಿದ ಮೇಲೂ ಅದು ಒಂದೇ ಕಥೆಯಾಗಿ ಉಳಿದದ್ದು ಹೇಗೆ ಎಂದು ಕೇಳಿದರೆ, ಪಾತ್ರದ ಹಕ್ಕು ಒಂದೇ ಸಂಸ್ಥೆಯ ಬಳಿ ಇತ್ತಲ್ಲ ಎಂಬ ಉತ್ತರ ಸುಲಭವಾಗಿ ಸಿಗುತ್ತದೆ. ನನಗೆ ಅದು ಸಾಲದು. ಹಕ್ಕುಪತ್ರದಿಂದ ಹೆಸರು ಉಳಿದೀತು, ವೇಷ ಉಳಿದೀತು. ಕಥೆಗೆ ನೆನಪು ಬೇಕು. ಆ ನೆನಪನ್ನು ಪ್ರಕಾಶಕರು ದಶಕಗಳ ಕಾಲ ಬೇಡವೆಂದೇ ಬಿಟ್ಟಿದ್ದರು. ಅದನ್ನು ಕಾಯ್ದವರು ತಿಂಗಳು ತಿಂಗಳೂ ಕಾಸು ಕೊಟ್ಟು ಕೊಂಡು, ಓದಿ, ಎತ್ತಿಟ್ಟುಕೊಂಡು, ತಪ್ಪು ಕಂಡಾಗ ಪತ್ರ ಬರೆದ ಅಭಿಮಾನಿಗಳು. ಅವರ ಉತ್ಸಾಹವನ್ನು ಮಕ್ಕಳಾಟವೆಂದು ಬದಿಗಿಟ್ಟರೆ ಈ ಉದ್ಯಮದ ಚರಿತ್ರೆಯೇ ಅರ್ಥವಾಗುವುದಿಲ್ಲ.

ಮೊದಲಿಗೆ ಈ ಉದ್ಯಮ ಎಷ್ಟರಮಟ್ಟಿಗೆ ಮರೆವಿನ ಮೇಲೆ ನಿಂತಿತ್ತು ಎಂಬುದನ್ನು ನೋಡಬೇಕು. ಹತ್ತು ಸೆಂಟ್ ಬೆಲೆಯ ಕಾಮಿಕ್ ಪುಸ್ತಕ ಅಗ್ಗದ ನ್ಯೂಸ್‌ಪ್ರಿಂಟ್ ಕಾಗದದ ಮೇಲೆ ಅಚ್ಚಾಗುತ್ತಿತ್ತು, ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಪುಡಿಯಾಗುವ ಕಾಗದ ಅದು. ಮಾರಾಟವಾಗದ ಪ್ರತಿಗಳ ಮುಖಪುಟವನ್ನೋ ಅದರ ಮೇಲ್ಭಾಗದ ಪಟ್ಟಿಯನ್ನೋ ಹರಿದು ಕಳಿಸಿದರೆ ಅಂಗಡಿಯವನಿಗೆ ಹಣ ವಾಪಸು, ಉಳಿದದ್ದು ರದ್ದಿಗೆ. ಎರಡನೇ ಮಹಾಯುದ್ಧದ ಹೊತ್ತಿಗೆ ಶಾಲಾ ಮಕ್ಕಳೇ ಮನೆಮನೆಯಿಂದ ಹಳೆಯ ಕಾಗದ ಸಂಗ್ರಹಿಸಿ ಕೊಟ್ಟಾಗ ಲೆಕ್ಕವಿಲ್ಲದಷ್ಟು ಕಾಮಿಕ್ ಪುಸ್ತಕಗಳು ಕರಗಿಹೋದವು. ಕಲಾವಿದರ ಮೂಲ ಚಿತ್ರಗಳನ್ನು ಅಚ್ಚಾದ ಮೇಲೆ ಕತ್ತರಿಸಿ ಎಸೆಯುವುದೂ ಇತ್ತು. ಬಹುಪಾಲು ಕಥೆಗಳಲ್ಲಿ ಬರೆದವರ ಹೆಸರೇ ಇರುತ್ತಿರಲಿಲ್ಲ. ಸೂಪರ್‌ಮ್ಯಾನ್ ಪುಸ್ತಕಗಳ ಸಂಪಾದಕ ಮಾರ್ಟ್ ವೈಸಿಂಗರ್ ಮೊದಲಾದವರ ನಂಬಿಕೆ ಸ್ಪಷ್ಟವಾಗಿತ್ತು: ಓದುವ ಹುಡುಗ ಕೆಲವೇ ವರ್ಷಗಳಲ್ಲಿ ದೊಡ್ಡವನಾಗಿ ಇದನ್ನು ಬಿಟ್ಟು ಹೋಗುತ್ತಾನೆ, ಹೊಸ ಹುಡುಗ ಬರುತ್ತಾನೆ, ಹಾಗಾಗಿ ಹಳೆಯ ಕಥೆಯನ್ನೇ ಸ್ವಲ್ಪ ತಿರುವಿ ಮತ್ತೆ ಮಾರಬಹುದು. ಈ ಲೆಕ್ಕಾಚಾರದಲ್ಲಿ ಹಿಂದಿನ ಸಂಚಿಕೆ ನೆನಪಿಟ್ಟುಕೊಂಡ ಓದುಗ ಗ್ರಾಹಕನೇ ಅಲ್ಲ. ಅವನು ಒಂದು ತೊಡಕು. ಅಂದಿನ ಕಥೆಗಳೂ ಹಾಗೆಯೇ ಇದ್ದವು. ಎಂಟು ಹತ್ತು ಪುಟಗಳಲ್ಲಿ ಶುರುವಾಗಿ ಮುಗಿದು, ನಾಯಕ ಹೊರಟ ಜಾಗಕ್ಕೇ ಬಂದು ನಿಲ್ಲುತ್ತಿದ್ದ. ಈ ತಿಂಗಳು ಕಂಡ ಸಾವು, ಮದುವೆ, ಜಗಳ ಯಾವುದೂ ಮುಂದಿನ ತಿಂಗಳಿಗೆ ದಾಟುತ್ತಿರಲಿಲ್ಲ.

ಈ ತೊಡಕಿನ ಓದುಗ ಎಲ್ಲಿಂದ ಬಂದ? ಅವನ ಪೂರ್ವಜರು ವಿಜ್ಞಾನ ಕಥೆಗಳ ಪತ್ರಿಕೆಗಳಲ್ಲಿದ್ದರು. ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರಲ್ಲಿ ಆರಂಭಿಸಿದ ‘ಅಮೇಜಿಂಗ್ ಸ್ಟೋರೀಸ್’ ಪತ್ರಿಕೆ ಓದುಗರ ಪತ್ರಗಳನ್ನು ವಿಳಾಸದ ಸಮೇತ ಅಚ್ಚು ಹಾಕುತ್ತಿತ್ತು. ಒಂದೇ ರುಚಿಯ ಅಪರಿಚಿತರು ಆ ವಿಳಾಸ ಹಿಡಿದು ಪರಸ್ಪರ ಬರೆದುಕೊಂಡರು, ಸಂಘ ಕಟ್ಟಿಕೊಂಡರು, ತಾವೇ ಅಚ್ಚು ಹಾಕಿ ಹಂಚುವ ಪುಟ್ಟ ಪತ್ರಿಕೆಗಳನ್ನು ತಂದರು. ಫ್ಯಾನ್‌ಜೀನ್ ಎಂದು ಮುಂದೆ ಹೆಸರಾದ ಪತ್ರಿಕೆಗಳೆಂದರೆ ಇವೇ. ಸೂಪರ್‌ಮ್ಯಾನ್‌ನ ಕರ್ತೃಗಳಾದ ಜೆರ‍್ರಿ ಸೀಗಲ್ ಮತ್ತು ಜೋ ಶೂಸ್ಟರ್ ಕ್ಲೀವ್‌ಲ್ಯಾಂಡ್‌ನಲ್ಲಿ ಹೈಸ್ಕೂಲು ಓದುತ್ತಿದ್ದಾಗ ಇಂಥದ್ದೇ ಒಂದು ಪತ್ರಿಕೆ ನಡೆಸಿದ್ದರು, ‘ಸೂಪರ್‌ಮ್ಯಾನ್’ ಎಂಬ ಹೆಸರನ್ನು 1933ರಲ್ಲಿ ಅದರಲ್ಲಿಯೇ ಬಳಸಿದ್ದರು. ಅಂದರೆ ಸೂಪರ್‌ಹೀರೋ ಎಂಬ ಕಲ್ಪನೆಯೇ ಅಭಿಮಾನಿಗಳ ಮೇಜಿನ ಮೇಲೆ ಹುಟ್ಟಿದ್ದು. ಜೂಲಿಯಸ್ ಶ್ವಾರ್ಟ್ಜ್ ಕೂಡ ಅದೇ ಬಳಗದವರು, 1932ರಲ್ಲಿ ‘ದ ಟೈಮ್ ಟ್ರಾವೆಲರ್’ ಎಂಬ ಅಭಿಮಾನಿ ಪತ್ರಿಕೆ ತಂದವರಲ್ಲಿ ಒಬ್ಬರು. ಅದರಲ್ಲಿ ಅವರ ಜೊತೆಗಾರ ಇದೇ ವೈಸಿಂಗರ್! ಮುಂದೆ ಡಿಸಿ ಸಂಸ್ಥೆಯ ಸಂಪಾದಕರಾಗಿ 1956ರಲ್ಲಿ ಫ್ಲ್ಯಾಶ್ ಪಾತ್ರಕ್ಕೆ ಹೊಸ ರೂಪ ಕೊಟ್ಟು ಸೂಪರ್‌ಹೀರೋ ಕಾಮಿಕ್ಸ್‌ಗೆ ಮರುಜೀವ ತಂದವರು ಶ್ವಾರ್ಟ್ಜ್. ತಮ್ಮ ಪುಸ್ತಕಗಳಲ್ಲಿ ಪತ್ರ ಬರೆದವರ ಪೂರ್ತಿ ವಿಳಾಸ ಅಚ್ಚು ಹಾಕಲು ಅವರು ನಿರ್ಧರಿಸಿದಾಗ, ಅದರಿಂದ ಏನಾಗಬಹುದೆಂಬುದು ಅವರಿಗೆ ಸ್ವಂತ ಅನುಭವದಿಂದ ಗೊತ್ತಿತ್ತು.

ಓದುಗರ ಪತ್ರದ ಪುಟಕ್ಕೆ ಇನ್ನೊಂದು ಸಾದಾ ಕಾರಣವೂ ಇತ್ತೆಂಬುದನ್ನು ಹೇಳಿಬಿಡಬೇಕು. ಕಡಿಮೆ ದರದ ಅಂಚೆ ಸೌಲಭ್ಯ ಸಿಗಬೇಕಾದರೆ ಪತ್ರಿಕೆಯಲ್ಲಿ ಒಂದಿಷ್ಟು ಬರಹದ ಪುಟಗಳು ಇರಲೇಬೇಕೆಂಬ ನಿಯಮವಿತ್ತು. ಅದಕ್ಕಾಗಿ ಯಾರೂ ಓದದ ಪುಟ್ಟ ಕಥೆಗಳನ್ನು ತುಂಬುತ್ತಿದ್ದರು, ಪತ್ರಗಳು ಆ ಜಾಗಕ್ಕೆ ಬಂದವು. ಅಂಚೆ ಇಲಾಖೆಯ ನಿಯಮ ತೆರೆದ ಈ ಕಿಂಡಿಯಲ್ಲಿ ಓದುಗ ಒಳಗೆ ಬಂದ. ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುತ್ತಿದ್ದ ಜೆರ‍್ರಿ ಬೇಲ್ಸ್ ಮತ್ತು ಮಿಸೌರಿಯ ಯುವಕ ರಾಯ್ ಥಾಮಸ್ ಇಬ್ಬರೂ 1940ರ ದಶಕದ ‘ಜಸ್ಟಿಸ್ ಸೊಸೈಟಿ’ ಕಥೆಗಳ ಆರಾಧಕರು. ಆ ತಂಡದ ಕಥೆಗಳನ್ನು ತರುತ್ತಿದ್ದ ‘ಆಲ್ ಸ್ಟಾರ್ ಕಾಮಿಕ್ಸ್’ 1951ರಲ್ಲಿ ರೂಪ ಬದಲಿಸಿತ್ತು, ತಂಡವನ್ನು ಪ್ರಕಾಶಕರು ಮರೆತೇಬಿಟ್ಟಿದ್ದರು. ಇವರಿಬ್ಬರು ಮರೆಯಲಿಲ್ಲ. ನೇರಳೆ ಶಾಯಿಯ ಡೂಪ್ಲಿಕೇಟರ್ ಯಂತ್ರದಲ್ಲಿ ಪುಟ ತಿರುಗಿಸಿ 1961ರ ಮಾರ್ಚ್‌ನಲ್ಲಿ ಬೇಲ್ಸ್ ಹೊರತಂದ ‘ಆಲ್ಟರ್-ಈಗೋ’ ಸೂಪರ್‌ಹೀರೋಗಳಿಗೇ ಮೀಸಲಾದ ಅಭಿಮಾನಿ ಪತ್ರಿಕೆಗಳಿಗೆ ದಾರಿ ಹಾಕಿತು. ಅದೇ ವರ್ಷ ಸೆಪ್ಟೆಂಬರ್ ದಿನಾಂಕದ ‘ದ ಫ್ಲ್ಯಾಶ್’ 123ನೇ ಸಂಚಿಕೆಯಲ್ಲಿ ಗಾರ್ಡ್ನರ್ ಫಾಕ್ಸ್ ಬರೆದು ಕಾರ್ಮೈನ್ ಇನ್ಫಂಟಿನೋ ಚಿತ್ರಿಸಿದ ಕಥೆಯೊಂದು ಬಂತು. ಹಳೆಯ ಫ್ಲ್ಯಾಶ್ ಸುಳ್ಳಲ್ಲ, ಅವನು ಇನ್ನೊಂದು ಭೂಮಿಯಲ್ಲಿ ಬದುಕಿದ್ದಾನೆ, ಹೊಸ ಫ್ಲ್ಯಾಶ್ ಗಡಿ ದಾಟಿ ಅವನನ್ನು ಭೇಟಿಯಾಗುತ್ತಾನೆ ಎಂಬುದು ಅದರ ಎಳೆ. ಇಂದು ಸಿನಿಮಾ ನೋಡುವ ಪ್ರತಿಯೊಬ್ಬರಿಗೂ ಪರಿಚಿತವಾದ ಸಮಾನಾಂತರ ಜಗತ್ತುಗಳ ಕಲ್ಪನೆ ಈ ಕಥಾಲೋಕದಲ್ಲಿ ಬೇರೂರಿದ್ದು ಹೀಗೆ. ಅದು ಪರಿಹರಿಸಿದ ಸಮಸ್ಯೆ ಯಾವುದೆಂದು ಗಮನಿಸಿ. ಹಳೆಯದನ್ನು ನೆನಪಿಟ್ಟುಕೊಂಡ ಓದುಗನಿಗೆ ಮಾತ್ರ ಕಾಡುವ ಸಮಸ್ಯೆ ಅದು. ಹೊಸ ಹುಡುಗನಿಗೆ ಹಳೆಯ ಫ್ಲ್ಯಾಶ್ ಇದ್ದದ್ದೇ ತಿಳಿಯದು.

ಡಿಸಿಯಲ್ಲಿ ಹೀಗೆ ಮೆಲ್ಲಗೆ ಒಳಬಂದ ನೆನಪನ್ನು ಮಾರ್ವೆಲ್ ಸಂಸ್ಥೆಯ ಸ್ಟ್ಯಾನ್ ಲೀ ಬಾಗಿಲು ಪೂರ್ತಿ ತೆರೆದು ಕರೆದರು. ಜ್ಯಾಕ್ ಕರ್ಬಿ ಜೊತೆ ಅವರು 1961ರ ನವೆಂಬರ್ ದಿನಾಂಕದೊಂದಿಗೆ ಶುರುಮಾಡಿದ ‘ಫೆಂಟಾಸ್ಟಿಕ್ ಫೋರ್’ನಲ್ಲಿ ಮೂರನೇ ಸಂಚಿಕೆಯ ಹೊತ್ತಿಗೇ ಓದುಗರ ಪುಟವಿತ್ತು. ಪತ್ರ ಬರೆಯುವವರು ಬೇಗನೆ ‘ಸಂಪಾದಕರೇ’ ಎನ್ನುವುದನ್ನು ಬಿಟ್ಟು ಸ್ಟ್ಯಾನ್, ಜ್ಯಾಕ್ ಎಂದು ಹೆಸರು ಹಿಡಿದು ಕರೆಯತೊಡಗಿದರು. ಕಥೆಯ ಮೊದಲ ಪುಟದಲ್ಲಿ ಬರೆದವರ, ಚಿತ್ರಿಸಿದವರ, ಅಕ್ಷರ ಬರೆದವರ ಹೆಸರು ಕಾಣಿಸಿಕೊಂಡಿತು. ಇನ್ನೊಂದು ಸಣ್ಣ ಘಟನೆ ನನಗೆ ಬಹಳ ಮುಖ್ಯವೆನಿಸುತ್ತದೆ. ಹಲ್ಕ್ ಆಗಿ ಬದಲಾಗುವ ವಿಜ್ಞಾನಿ ಬ್ರೂಸ್ ಬ್ಯಾನರ್‌ನನ್ನು ಲೀ 1964ರಲ್ಲಿ ಮರೆತು ಬಾಬ್ ಬ್ಯಾನರ್ ಎಂದು ಬರೆದರು. ಓದುಗರು ಬಿಡಲಿಲ್ಲ. ಅವನ ಪೂರ್ಣ ಹೆಸರು ರಾಬರ್ಟ್ ಬ್ರೂಸ್ ಬ್ಯಾನರ್ ಎಂದು ಅದೇ ವರ್ಷ ಪತ್ರದ ಪುಟದಲ್ಲಿ ಸಮಜಾಯಿಷಿ ಬಂತು, ಇಂದಿಗೂ ಅದೇ ಅವನ ಹೆಸರು. ಬರಹಗಾರನ ಕೈತಪ್ಪು ಓದುಗನ ನೆನಪಿಗೆ ಬಡಿದು ಕಥಾಲೋಕದ ಸತ್ಯವಾಯಿತು. ಇದೇ ಆಟ ಮುಂದೆ ‘ನೋ-ಪ್ರೈಜ್’ ಎಂಬ ಬಹುಮಾನವಾಯಿತು. ತಪ್ಪು ಹಿಡಿದವರಿಗೆ, ಆಮೇಲೆ ಆ ತಪ್ಪು ತಪ್ಪೇ ಅಲ್ಲವೆಂದು ಕಥೆಯೊಳಗಿನ ತರ್ಕದಿಂದಲೇ ಸಾಧಿಸಿದವರಿಗೆ, ಒಂದು ಖಾಲಿ ಲಕೋಟೆ ಅಂಚೆಯಲ್ಲಿ ಬರುತ್ತಿತ್ತು. ಒಳಗೆ ಏನೂ ಇಲ್ಲದ ಆ ಲಕೋಟೆಗಾಗಿ ಹುಡುಗ ಹುಡುಗಿಯರು ಹತ್ತಾರು ಸಂಚಿಕೆ ಹರಡಿಕೊಂಡು ಕೂತು ಒಂದು ಕಥೆಯನ್ನು ಇನ್ನೊಂದಕ್ಕೆ ಹೊಂದಿಸಿದರು. ಸಂಬಳವಿಲ್ಲದೆ ನಡೆದ ಸಂಪಾದನೆಯ ಕೆಲಸ ಇದು, ಮತ್ತು ಅದರ ಫಲವನ್ನು ನಾವು ಈಗಲೂ ಓದುತ್ತಿದ್ದೇವೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆ ಏಳುತ್ತದೆ. ಪತ್ರ ಬರೆದವರು ಎಷ್ಟು ಮಂದಿ? ‘ಸೂಪರ್‌ಮ್ಯಾನ್’ ಪುಸ್ತಕ 1960ರಲ್ಲಿ ಸಂಚಿಕೆಗೆ ಸರಾಸರಿ ಎಂಟು ಲಕ್ಷ ಪ್ರತಿ ಮಾರಾಟವಾಗುತ್ತಿತ್ತು. ಅದರ ಮುಂದೆ ಅಭಿಮಾನಿ ಪತ್ರಿಕೆಗಳ ಕೆಲವು ನೂರು ಪ್ರತಿಗಳು ಯಾವ ಲೆಕ್ಕ? ಹುಡುಗನೊಬ್ಬ ಔಷಧಿ ಅಂಗಡಿಯ ಸ್ಟ್ಯಾಂಡಿನಿಂದ ಎತ್ತಿಕೊಂಡು ಓದಿ ಮರೆತ ಪ್ರತಿಗಳೇ ಉದ್ಯಮವನ್ನು ಸಾಕಿದವು ಎಂಬುದು ನಿಜ. ಈ ವಾದಕ್ಕೆ ‘ಎಕ್ಸ್-ಮೆನ್’ ಪುಸ್ತಕವೇ ಸಾಕ್ಷಿ ಹೇಳುವಂತಿದೆ. ಇದು 1963ರಲ್ಲಿ ಶುರುವಾಗಿ, ನಿಷ್ಠಾವಂತ ಓದುಗರಿದ್ದರೂ ಮಾರಾಟ ಸಾಲದೆ 1970ರಲ್ಲಿ 66ನೇ ಸಂಚಿಕೆಗೆ ಹೊಸ ಕಥೆ ನಿಲ್ಲಿಸಿತು. ಮುಂದಿನ 27 ಸಂಚಿಕೆಗಳಲ್ಲಿ ಹಳೆಯ ಕಥೆಗಳನ್ನೇ ಮರುಮುದ್ರಿಸಿದರು. ಆಗ ಅಭಿಮಾನದಿಂದ ಪುಸ್ತಕ ಬದುಕಲಿಲ್ಲ. ನಾನು ಇದನ್ನು ಒಪ್ಪುತ್ತೇನೆ. ಆದರೆ ಈ ಲೆಕ್ಕ ಒಂದು ಬಗೆಯ ಮಾರುಕಟ್ಟೆಗೆ ಮಾತ್ರ ಸಲ್ಲುವ ಲೆಕ್ಕ, ಮತ್ತು ಆ ಮಾರುಕಟ್ಟೆ 1970ರ ದಶಕದಲ್ಲಿ ಕುಸಿಯುತ್ತಿತ್ತು. ಅಚ್ಚಾದ ಪ್ರತಿಗಳಲ್ಲಿ ಅರ್ಧಕ್ಕೂ ಹೆಚ್ಚು ಮರಳಿ ಬರುವುದು ಮಾಮೂಲಾಯಿತು. ಅಷ್ಟು ಕಡಿಮೆ ಬೆಲೆಯ ಪುಸ್ತಕಕ್ಕೆ ಸ್ಟ್ಯಾಂಡಿನಲ್ಲಿ ಜಾಗ ಕೊಡುವುದು ಅಂಗಡಿಯವನಿಗೆ ಗಿಟ್ಟುತ್ತಿರಲಿಲ್ಲ. ಓದಿ ಮರೆಯುವ ಲಕ್ಷಾಂತರ ಹುಡುಗರು ಟೆಲಿವಿಷನ್ನಿನ ಮುಂದೆ ಕೂತಿದ್ದರು. ಅವರನ್ನೇ ನಂಬಿದ್ದರೆ ಈ ಮಾಸಿಕಗಳು ಅಂದೇ ಮುಚ್ಚಿಹೋಗುವ ದಾರಿಯಲ್ಲಿದ್ದವು.

ಪರಿಹಾರ ಬಂದದ್ದು ಬ್ರೂಕ್ಲಿನ್‌ನ ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರೊಬ್ಬರಿಂದ. ಫಿಲ್ ಸ್ಯೂಲಿಂಗ್ 1968ರಿಂದ ನ್ಯೂಯಾರ್ಕ್‌ನಲ್ಲಿ ಕಾಮಿಕ್ಸ್ ಅಭಿಮಾನಿಗಳ ಸಮಾವೇಶ ನಡೆಸುತ್ತಿದ್ದವರು, ಹಳೆಯ ಸಂಚಿಕೆಗಳ ವ್ಯಾಪಾರ ಬಲ್ಲವರು. 1970ರ ದಶಕದ ಆರಂಭದಲ್ಲಿ ಅವರು ಪ್ರಕಾಶಕರ ಮುಂದೆ ಒಂದು ಕರಾರು ಇಟ್ಟರು: ಹೆಚ್ಚು ರಿಯಾಯಿತಿ ಕೊಡಿ, ನೇರವಾಗಿ ನಮಗೇ ಕಳಿಸಿ, ಮಾರಾಟವಾಗದ ಪ್ರತಿಯನ್ನು ನಾವು ಹಿಂದಿರುಗಿಸುವುದಿಲ್ಲ. ಡೈರೆಕ್ಟ್ ಮಾರ್ಕೆಟ್ ಎಂದು ಹೆಸರಾದ ಈ ವ್ಯವಸ್ಥೆಯ ಜೀವ ಇರುವುದು ಕೊನೆಯ ಮಾತಿನಲ್ಲಿ. ಮಾರಾಟವಾಗದ ಪ್ರತಿ ರದ್ದಿಯಲ್ಲ, ನಾಳೆ ಯಾರೋ ಹುಡುಕಿಕೊಂಡು ಬರುವ ಹಳೆಯ ಸಂಚಿಕೆ ಎಂಬ ನಂಬಿಕೆ ಇದ್ದವರು ಮಾತ್ರ ಹೀಗೆ ಹೇಳಬಲ್ಲರು. ಹುಡುಕಿಕೊಂಡು ಬರುವವರು ಯಾರು? ಹಿಂದಿನ ತಿಂಗಳು ಏನಾಯಿತೆಂದು ತಿಳಿಯದೆ ನಿದ್ದೆ ಬಾರದವರು. ಅಭಿಮಾನಿಯ ನೆನಪು ಹೀಗೆ ಮೊದಲ ಬಾರಿಗೆ ವ್ಯಾಪಾರದ ಬಂಡವಾಳವಾಯಿತು. ಕಾಮಿಕ್ಸ್‌ಗೇ ಮೀಸಲಾದ ಅಂಗಡಿಗಳು ಊರೂರಲ್ಲಿ ತೆರೆದವು, ಬಹಳಷ್ಟರ ಮಾಲೀಕರು ಸ್ವತಃ ಅಭಿಮಾನಿಗಳು. ಮಾರ್ವೆಲ್ 1981ರಲ್ಲಿ ‘ಡ್ಯಾಝ್ಲರ್’ನ ಮೊದಲ ಸಂಚಿಕೆಯನ್ನು ಈ ಅಂಗಡಿಗಳಿಗೆ ಮಾತ್ರ ಕೊಟ್ಟಾಗ 4 ಲಕ್ಷಕ್ಕೂ ಹೆಚ್ಚು ಪ್ರತಿ ಹೋದವು. ಅಲ್ಪಸಂಖ್ಯಾತರು ಎಂದು ಬದಿಗಿಟ್ಟಿದ್ದವರೇ ಹತ್ತು ವರ್ಷಗಳಲ್ಲಿ ಉದ್ಯಮದ ನೆಲೆಯಾದರು.

ಇದೇ ಹೊತ್ತಿಗೆ ‘ಎಕ್ಸ್-ಮೆನ್’ ಮರುಹುಟ್ಟು ಪಡೆದದ್ದು ಆಕಸ್ಮಿಕವಲ್ಲ. ಲೆನ್ ವೈನ್ ಮತ್ತು ಡೇವ್ ಕಾಕ್ರಮ್ 1975ರಲ್ಲಿ ಕೆನಡಾ, ಕೀನ್ಯಾ, ಜರ್ಮನಿ, ರಷ್ಯಾ ಹೀಗೆ ಬೇರೆ ಬೇರೆ ನೆಲದ ಪಾತ್ರಗಳ ಹೊಸ ತಂಡ ಕಟ್ಟಿದರು. ಇಬ್ಬರೂ ಅಭಿಮಾನಿ ಬಳಗದಿಂದ ಬಂದವರು. ಅವರಿಂದ ಲೇಖನಿ ಪಡೆದ ಕ್ರಿಸ್ ಕ್ಲೇರ್‌ಮಾಂಟ್ 1991ರವರೆಗೆ, ಹದಿನಾರು ವರ್ಷ ಒಂದೇ ಕಥೆಯನ್ನು ಬರೆದರು. ಒಂದು ಸಂಚಿಕೆಯ ಮೂಲೆಯ ಚೌಕದಲ್ಲಿ ಬಿತ್ತಿದ ಮಾತನ್ನು ಎರಡು ವರ್ಷದ ನಂತರ ಕೊಯ್ಯುವ ಬರವಣಿಗೆ ಅವರದು. ಓದಿ ಮರೆಯುವ ಓದುಗನಿಗಾಗಿ ಹೀಗೆ ಬರೆಯುವುದು ಹುಚ್ಚುತನ, ಸಂಚಿಕೆಗಳನ್ನು ಕಾಪಿಟ್ಟುಕೊಂಡ ಓದುಗನಿಗಾಗಿ ಇದು ಸಹಜ. 1980ರಲ್ಲಿ 137ನೇ ಸಂಚಿಕೆಯಲ್ಲಿ ಜೀನ್ ಗ್ರೇ ಸತ್ತಾಗ ಓದುಗರು ಅನುಭವಿಸಿದ ಆಘಾತಕ್ಕೆ ಕಾರಣವೂ ಇದೇ. ಆಕೆ 1963ರಿಂದ ಅವರ ಜೊತೆಗಿದ್ದವಳು. ಆಕೆಯನ್ನು ಸಾಯಿಸಲೇಬೇಕೆಂದು ಪಟ್ಟುಹಿಡಿದ ಪ್ರಧಾನ ಸಂಪಾದಕ ಜಿಮ್ ಶೂಟರ್ ಹದಿಮೂರರ ವಯಸ್ಸಿನಲ್ಲಿ ಡಿಸಿಗೆ ತಾನೇ ಕಥೆ ಬರೆದು ಕಳಿಸಿ ಕೆಲಸ ಗಿಟ್ಟಿಸಿದ್ದ ಓದುಗ. ಒಂದಿಡೀ ಲೋಕದ ಕೋಟ್ಯಂತರ ಜೀವಗಳನ್ನು ಸುಟ್ಟ ಪಾತ್ರಕ್ಕೆ ಬೆಲೆ ತೆರದೆ ಮುಂದಿನ ತಿಂಗಳಿಗೆ ದಾಟುವ ಹಕ್ಕಿಲ್ಲ ಎಂಬುದು ಅವರ ನಿಲುವು. ಹಳೆಯ ಕಾಲದ ಸಂಪಾದಕರಿಗೆ ಈ ಪ್ರಶ್ನೆ ಹೊಳೆಯುತ್ತಲೇ ಇರಲಿಲ್ಲ. ಆಕೆ 1986ರಲ್ಲಿ ಮರಳಿ ಬಂದ ಬಗೆ ಇನ್ನೂ ಸೋಜಿಗದ್ದು. ಸತ್ತದ್ದು ಜೀನ್ ಅಲ್ಲ, ಆಕೆಯ ರೂಪ ತಳೆದ ಶಕ್ತಿ. ನಿಜವಾದ ಜೀನ್ ಸಮುದ್ರದ ತಳದಲ್ಲಿ ನಿದ್ದೆಯಲ್ಲಿದ್ದಾಳೆ ಎಂಬ ಉಪಾಯವನ್ನು ಮೊದಲು ಕಂಡುಕೊಂಡವರು ಕರ್ಟ್ ಬ್ಯೂಸಿಕ್, ಆಗ ಇನ್ನೂ ಕಾಲೇಜು ಓದುತ್ತಿದ್ದ ಅಭಿಮಾನಿ. ಆ ಮಾತು ಬರಹಗಾರ ರಾಜರ್ ಸ್ಟರ್ನ್ ಮೂಲಕ ಜಾನ್ ಬರ್ನ್‌ರನ್ನು ತಲುಪಿ ಮಾಸಿಕದ ಪುಟವಾಯಿತು. ಕ್ಲೇರ್‌ಮಾಂಟ್‌ಗೆ ಆ ಮರಳುವಿಕೆ ಹಿಡಿಸಲಿಲ್ಲ, ನನಗೂ ಅದು ಮೂಲ ಕಥೆಯ ದುರಂತವನ್ನು ತೆಳುಗೊಳಿಸಿತೆಂದೇ ತೋರುತ್ತದೆ. ಆದರೆ ಕಥೆಯ ಗಂಟು ಬಿಡಿಸುವ ಕೀಲಿ ಓದುಗನ ಕೈಯಲ್ಲಿತ್ತೆಂಬುದಕ್ಕೆ ಇದಕ್ಕಿಂತ ನೇರ ಸಾಕ್ಷಿ ಬೇಕಿಲ್ಲ.

ಅಭಿಮಾನವೆಂದರೆ ಬರಿಯ ಜೈಕಾರ ಎನ್ನುವವರಿಗೆ ಇನ್ನೊಂದು ಪ್ರಸಂಗ ತೋರಿಸಬೇಕು. 1980ರ ‘ಅವೆಂಜರ್ಸ್’ 200ನೇ ಸಂಚಿಕೆಯಲ್ಲಿ ಮಿಸ್ ಮಾರ್ವೆಲ್ ಪಾತ್ರವನ್ನು ಒಬ್ಬಾತ ಮಂಕುಬೂದಿ ಎರಚಿ ಗರ್ಭಿಣಿಯಾಗಿಸುತ್ತಾನೆ, ಕೊನೆಗೆ ಆಕೆ ಅವನ ಜೊತೆಗೇ ಹೊರಟುಹೋಗುತ್ತಾಳೆ. ಸಹಚರರೆಲ್ಲ ಹರಸಿ ಕಳಿಸುತ್ತಾರೆ. ಇದು ಅತ್ಯಾಚಾರ, ಇದನ್ನು ಪ್ರೇಮವೆಂದು ಮಾರಲಾಗುತ್ತಿದೆ ಎಂದು ಕ್ಯಾರಲ್ ಸ್ಟ್ರಿಕ್‌ಲ್ಯಾಂಡ್ ಎಂಬ ಅಭಿಮಾನಿ ಬರಹಗಾರ್ತಿ ಅಭಿಮಾನಿ ಪತ್ರಿಕೆಯೊಂದರಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಆ ಪಾತ್ರದ ಹಿಂದಿನ ಮಾಸಿಕವನ್ನು ಬರೆದಿದ್ದ ಕ್ಲೇರ್‌ಮಾಂಟ್ 1981ರ ‘ಅವೆಂಜರ್ಸ್’ ವಾರ್ಷಿಕ ಸಂಚಿಕೆಯಲ್ಲಿ ಆಕೆಯನ್ನು ಮರಳಿ ತಂದು, ನಿಮ್ಮಲ್ಲಿ ಒಬ್ಬರಿಗೂ ನನ್ನ ಸ್ಥಿತಿ ಅರ್ಥವಾಗಲಿಲ್ಲವೇ ಎಂದು ಸಹಚರರನ್ನು ಎದುರೆದುರೇ ನಿಲ್ಲಿಸಿ ಕೇಳಿಸಿದರು. ಒಂದು ಬಾರಿ ಅಚ್ಚಾದದ್ದನ್ನು ಅಳಿಸಲು ಬರುವುದಿಲ್ಲ, ಆದರೆ ನಿಲ್ಲದೆ ನಡೆಯುವ ಕಥೆ ತನ್ನ ತಪ್ಪಿಗೆ ತಾನೇ ಉತ್ತರ ಹೇಳಬಹುದು. ಮುಗಿದ ಕಾದಂಬರಿಗೆ ಈ ಅವಕಾಶವಿಲ್ಲ. ಅದಕ್ಕಾಗಿ ಯಾರಾದರೂ ಆ ತಪ್ಪನ್ನು ಮರೆಯದೆ ಹಿಡಿದಿಟ್ಟುಕೊಂಡಿರಬೇಕು. ಆ ಪಾತ್ರದ ಬಗ್ಗೆ ಅಕ್ಕರೆ ಇಲ್ಲದವರು ಹಿಡಿದಿಟ್ಟುಕೊಳ್ಳುವುದಿಲ್ಲ.

ಎರಡನೆಯ ಆಕ್ಷೇಪಣೆ ಇನ್ನೂ ನೋವಿನದು: ಇದೇ ಉತ್ಸಾಹ ಕಾಮಿಕ್ಸನ್ನು ಮುಚ್ಚಿದ ಕೋಣೆಯಾಗಿಸಿತು, ಹೊಸಬರಿಗೆ ಒಳಬರಲು ದಾರಿಯಿಲ್ಲದಂತೆ ಮಾಡಿತು, ಕೊನೆಗೆ ಮಾರುಕಟ್ಟೆಯನ್ನೇ ಮುಳುಗಿಸಿತು. ಇದರಲ್ಲಿ ಅರ್ಧ ಸತ್ಯವಿದೆ. ಔಷಧಿ ಅಂಗಡಿಯ ಸ್ಟ್ಯಾಂಡು ಖಾಲಿಯಾದಾಗ ಹತ್ತು ವರ್ಷದ ಮಗುವಿಗೆ ಆಕಸ್ಮಿಕವಾಗಿ ಕಾಮಿಕ್ ಪುಸ್ತಕ ಸಿಗುವ ಜಾಗವೇ ಇಲ್ಲವಾಯಿತು. ಅಭಿಮಾನಿ ಬಳಗ ಬಹುಕಾಲ ಬಿಳಿಯ ಗಂಡಸರದ್ದೇ ಆಗಿತ್ತು, ಹೊರಗಿನವರನ್ನು ಪರೀಕ್ಷೆ ಮಾಡಿ ಒಳಬಿಡುವ ಚಾಳಿಯೂ ಅದಕ್ಕಿತ್ತು. ಆದರೆ ಮುಳುಗಡೆಯ ಹೊಣೆಯನ್ನು ಓದುವ ಅಭಿಮಾನಿಯ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ. 1988ರಲ್ಲಿ ಬ್ಯಾಟ್‌ಮ್ಯಾನ್‌ನ ಸಹಚರ ರಾಬಿನ್ ಬದುಕಬೇಕೇ ಸಾಯಬೇಕೇ ಎಂದು ಡಿಸಿ ಫೋನ್ ಮತದಾನ ಇಟ್ಟಿತು. 50 ಸೆಂಟ್ ಕೊಟ್ಟಷ್ಟು ಸಲ ಮತ ಹಾಕಬಹುದಿತ್ತು. ಸಾವಿಗೆ 5,343, ಬದುಕಿಗೆ 5,271. ಕೇವಲ 72 ಕರೆಗಳ ಅಂತರದಲ್ಲಿ ಪಾತ್ರ ಸತ್ತಿತು. ಓದುಗನ ನೆನಪನ್ನು, ವಿವೇಚನೆಯನ್ನು ಕೇಳುವ ಬದಲು ಅವನ ಫೋನ್ ಬಿಲ್ಲನ್ನು ಎಣಿಸಿದ ಪ್ರಯೋಗ ಅದು. 1991ರಲ್ಲಿ ಐದು ಬಗೆಯ ಮುಖಪುಟಗಳೊಂದಿಗೆ ಹೊಸ ‘ಎಕ್ಸ್-ಮೆನ್’ ಮೊದಲ ಸಂಚಿಕೆ ಬಂದು 80 ಲಕ್ಷಕ್ಕೂ ಹೆಚ್ಚು ಪ್ರತಿ ಅಂಗಡಿಗಳಿಗೆ ಹೋಯಿತು. ಅಷ್ಟು ಓದುಗರು ಎಲ್ಲಿದ್ದರು? ಮುಂದೆ ಬೆಲೆ ಏರುತ್ತದೆಂದು ಓದದೆ ಪ್ಲಾಸ್ಟಿಕ್ ಚೀಲದಲ್ಲಿಟ್ಟವರು ಕೊಂಡ ಪ್ರತಿಗಳವು. ಹದಿನಾರು ವರ್ಷ ಕಥೆ ನಡೆಸಿದ ಕ್ಲೇರ್‌ಮಾಂಟ್ ಮೂರೇ ಸಂಚಿಕೆ ಬರೆದು ಹೊರನಡೆದರು. ಬೆಲೆಗಾಗಿ ಕೊಂಡವರು ಬೆಲೆ ಇಳಿಯುತ್ತಲೇ ಮಾಯವಾದರು, ಸಾವಿರಾರು ಅಂಗಡಿಗಳು ಮುಚ್ಚಿದವು, 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ದಿವಾಳಿ ರಕ್ಷಣೆ ಕೋರಿತು. ಆ ಬಳಿಕವೂ ಪ್ರತಿ ವಾರ ಅಂಗಡಿಗೆ ಬಂದು ತಮ್ಮ ಮಾಸಿಕ ಕೊಂಡು ಹೋದವರು ಯಾರು ಎಂದು ನೋಡಿದರೆ ಈ ಇಬ್ಬರ ನಡುವಿನ ವ್ಯತ್ಯಾಸ ತಿಳಿಯುತ್ತದೆ.

ಮೂರನೆಯ ಆಕ್ಷೇಪಣೆ ನ್ಯಾಯದ್ದು. ಅಭಿಮಾನಿಗಳ ಪ್ರೀತಿಯಿಂದ ಲಾಭ ಕಂಡದ್ದು ಕಂಪನಿ, ದುಡಿದವರಲ್ಲ. ಸೀಗಲ್ ಮತ್ತು ಶೂಸ್ಟರ್ ಸೂಪರ್‌ಮ್ಯಾನ್ ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟವರು. ಅಭಿಮಾನಿ ಸಂಘಗಳ ಬಿಲ್ಲೆ, ಪ್ರಮಾಣಪತ್ರ ಎಲ್ಲವೂ ಕಂಪನಿಯ ಜಾಹೀರಾತೇ ತಾನೇ? ಅದೂ ನಿಜ. ಆದರೆ ಆ ಅನ್ಯಾಯದ ಲೆಕ್ಕ ನಮಗೆ ಇಂದು ತಿಳಿದಿರುವುದು ಹೇಗೆ? ಬ್ಯಾಟ್‌ಮ್ಯಾನ್ ಕಥೆಗಳ ಮೇಲೆ 1939ರಿಂದ ಬಾಬ್ ಕೇನ್ ಒಬ್ಬರದೇ ಹೆಸರಿತ್ತು. 1965ರ ನ್ಯೂಯಾರ್ಕ್ ಸಮಾವೇಶದಲ್ಲಿ ಬಿಲ್ ಫಿಂಗರ್ ಎಂಬ ಬರಹಗಾರ ಅಭಿಮಾನಿಗಳ ಮುಂದೆ ಮಾತಾಡಿದರು. ಮೊದಲ ಕಥೆ ಬರೆದದ್ದು, ವೇಷದ ರೂಪ ಸೂಚಿಸಿದ್ದು ತಾವೆಂಬುದು ಆಗ ಹೊರಬಂತು. ಜೆರ‍್ರಿ ಬೇಲ್ಸ್ ಅದೇ ವರ್ಷ ಅದನ್ನು ಬರೆದು ಅಭಿಮಾನಿಗಳ ನಡುವೆ ಹಂಚಿದರು. ಕೇನ್ ಉದ್ದನೆಯ ಪತ್ರ ಬರೆದು ನಿರಾಕರಿಸಿದರು. ಫಿಂಗರ್ 1974ರಲ್ಲಿ ಹೆಸರಿಲ್ಲದೆಯೇ ತೀರಿಕೊಂಡರು. ಆದರೆ ಬೇಲ್ಸ್ ಬರೆದಿಟ್ಟ ಮಾತು ಅಭಿಮಾನಿಗಳ ಕೈಯಿಂದ ಕೈಗೆ ಸಾಗಿ, 2015ರಲ್ಲಿ ಡಿಸಿ ಅಧಿಕೃತವಾಗಿ ಅವರ ಹೆಸರನ್ನು ಕೇನ್ ಹೆಸರಿನ ಜೊತೆ ಸೇರಿಸುವವರೆಗೂ ಸಾಯಲಿಲ್ಲ. ಹೆಸರಿಲ್ಲದ ಪುಟಗಳ ಗೆರೆ ನೋಡಿಯೇ ಕಲಾವಿದರನ್ನು ಗುರುತಿಸಿ ಪಟ್ಟಿ ಮಾಡಿದ ‘ಹೂಸ್ ಹೂ’ ಸಂಪುಟಗಳೂ 1970ರ ದಶಕದಲ್ಲಿ ಬೇಲ್ಸ್ ಮುಂದಾಳತ್ವದಲ್ಲಿಯೇ ಬಂದವು. ಜ್ಯಾಕ್ ಕರ್ಬಿಯ ಮೂಲ ಚಿತ್ರಗಳನ್ನು ಮಾರ್ವೆಲ್ ತಡೆಹಿಡಿದಾಗ 1980ರ ದಶಕದ ಮಧ್ಯದಲ್ಲಿ ದನಿಯೆತ್ತಿದ ‘ದ ಕಾಮಿಕ್ಸ್ ಜರ್ನಲ್’ ಅಭಿಮಾನಿ ಪತ್ರಿಕೆಗಳ ಕುಲದಿಂದಲೇ ಬಂದದ್ದು. 1987ರಲ್ಲಿ ಎರಡು ಸಾವಿರದಷ್ಟು ಪುಟಗಳು ಅವರಿಗೆ ಮರಳಿದವು, ಅವರು ಬಿಡಿಸಿದ್ದರಲ್ಲಿ ಅದು ಸಣ್ಣ ಪಾಲು. ಕಂಪನಿಯ ಕಡತ ಹೇಳದ ಚರಿತ್ರೆಯನ್ನು ಹೇಳಿದ್ದು ಅಭಿಮಾನಿಯ ಕಡತ.

ನಮ್ಮ ಕಡೆಯ ಓದುಗರಿಗೆ ಈ ಬಗೆಯ ಮಾಸಿಕ ಬಂದದ್ದು ತಡವಾಗಿ. 1964ರಲ್ಲಿ ಶುರುವಾಗಿ ಕನ್ನಡದಲ್ಲೂ ಬಂದ ಇಂದ್ರಜಾಲ ಕಾಮಿಕ್ಸ್ ಹೆಚ್ಚಾಗಿ ಫ್ಯಾಂಟಮ್‌ನ ಪೂರ್ಣ ಕಥೆಗಳನ್ನು ಕೊಟ್ಟಿತು. ಅದರಲ್ಲಿ ದುಡಿದ ಕಾರ್ಕಳ ಮೂಲದ ಅನಂತ ಪೈ ಮುಂದೆ ಕಟ್ಟಿದ ಅಮರ ಚಿತ್ರಕಥೆಯೂ ಒಂದು ಪುಸ್ತಕಕ್ಕೆ ಒಂದು ಕಥೆ ಎಂಬ ಪದ್ಧತಿಯದು. ಮುಗಿಯದ ಕಥೆಯೊಂದಕ್ಕೆ ಪತ್ರ ಬರೆದು ಅದರ ದಾರಿ ತಿದ್ದುವ ರೂಢಿ ಇಲ್ಲಿ ಬೆಳೆಯಲು ಅವಕಾಶ ಕಡಿಮೆ ಇತ್ತು. ಆದರೂ 1990ರಲ್ಲಿ ನಿಂತ ಇಂದ್ರಜಾಲದ ಪ್ರತಿಗಳನ್ನು ಇಂದಿಗೂ ಜೋಪಾನ ಮಾಡಿರುವವರು ಸಂಗ್ರಾಹಕ ಓದುಗರೇ.

ಇಂದಿನ ಸ್ಥಿತಿಯಲ್ಲೂ ಈ ಎಳೆದಾಟ ನಡೆದೇ ಇದೆ. ಮೊದಲ ಸಂಚಿಕೆ ಎಂಬ ಲೇಬಲ್ ಚೆನ್ನಾಗಿ ಮಾರಾಟವಾಗುತ್ತದೆಂದು ಪ್ರಕಾಶಕರು ಹಳೆಯ ಮಾಸಿಕಗಳ ಎಣಿಕೆಯನ್ನು ಅಳಿಸಿ ಮತ್ತೆ ಮತ್ತೆ ಒಂದರಿಂದ ಶುರುಮಾಡುತ್ತಾರೆ. ಡಿಸಿ 2011ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ಗೂ ಹಾಗೆ ಮಾಡಿತು. ಐದು ವರ್ಷಗಳ ನಂತರ, 2016ರಲ್ಲಿ, ನಡುವಿನ ಸಂಚಿಕೆಗಳನ್ನೂ ಕೂಡಿಸಿ 957 ಎಂದು ಹಳೆಯ ಎಣಿಕೆಗೇ ಮರಳಿತು. ಹಾಗೆ ಮರಳಿದ್ದರಿಂದಲೇ 2018ರಲ್ಲಿ ಸಾವಿರನೇ ಸಂಚಿಕೆ ಸಾಧ್ಯವಾಯಿತು. ಮಾರ್ವೆಲ್ 2017ರಲ್ಲಿ ಹಳೆಯ ಎಣಿಕೆ ಮರಳಿ ತಂದು, ಬೇಗನೆ ಅದನ್ನು ಬಿಟ್ಟು, ಕೊನೆಗೆ ಒಂದು ರಾಜಿಗೆ ಬಂತು. ಈಗ ಅದರ ಮಾಸಿಕಗಳ ಮುಖಪುಟದ ಮೇಲೆ ಎರಡು ಸಂಖ್ಯೆಗಳಿವೆ. ದೊಡ್ಡದು ಹೊಸ ಎಣಿಕೆ, ಅಂಗಡಿಗೆ ಮೊದಲ ಬಾರಿ ಬಂದವರಿಗಾಗಿ. ಅದರ ಪಕ್ಕದಲ್ಲಿ ಚಿಕ್ಕ ಅಕ್ಷರದಲ್ಲಿರುವುದು 1960ರ ದಶಕದಿಂದ ಒಂದೊಂದಾಗಿ ಕೂಡಿಸಿಕೊಂಡು ಬಂದ ಮೊತ್ತ. ಆ ಮೊತ್ತವನ್ನು ತಪ್ಪಾಗಿ ಅಚ್ಚು ಹಾಕಿದರೆ ಮರುದಿನವೇ ತಿದ್ದಿ ಬರೆಯುವವರಿದ್ದಾರೆ.